ಗಾಳಕ್ಕಿಂತ ಮೊದಲು ದೋಣಿ

ಗಾಳದ ಹವ್ಯಾಸ ಹತ್ತಿದವರು ರಾಡು, ರೀಲು, ಬಣ್ಣಬಣ್ಣದ ಕೃತಕ ಮೀನುಗಳಿಗೆ ಸುರಿಯುವ ದುಡ್ಡಿಗೆ ಲೆಕ್ಕ ಇಡುವುದಿಲ್ಲ. ಅದೇ ಇಂಜಿನ್ನಿಗೆ ಅಂಗೈಯಲ್ಲಿ ಹಿಡಿಯುವಷ್ಟಿರುವ ರಬ್ಬರ್ ಇಂಪೆಲ್ಲರ್ ಬದಲಿಸಬೇಕು ಎಂದು ಮೆಕ್ಯಾನಿಕ್ ಹೇಳಿದರೆ, ‘ಮುಂದಿನ ಸೀಸನ್ನಿಗೆ ನೋಡೋಣ’ ಎಂದು ಮುಂದೂಡುತ್ತಾರೆ. ಕಡಲಿನಲ್ಲಿ ಕೈಕೊಡುವುದು ರೀಲಲ್ಲ, ಇಂಪೆಲ್ಲರ್. ರೀಲು ಕೆಟ್ಟರೆ ಮೀನು ತಪ್ಪೀತು. ಇಂಪೆಲ್ಲರ್ ಹರಿದರೆ ಇಂಜಿನ್ ಕಾದು ನಿಲ್ಲುತ್ತದೆ. ಅದು ಅಳಿವೆ ಬಾಗಿಲಿನಲ್ಲಿ ನಿಂತರೆ, ದೋಣಿ ಅಲೆಗೆ ಅಡ್ಡಬಿದ್ದು ಮಗುಚುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ.

ಗಂಗೊಳ್ಳಿಯಲ್ಲೋ ಮಲ್ಪೆಯಲ್ಲೋ ದಿನಾ ಕಡಲಿಗೆ ಇಳಿಯುವ ನಾಡದೋಣಿಯವರಿಗೂ ವಾರಾಂತ್ಯದಲ್ಲಿ ಗಾಳ ಹಿಡಿದು ಹೊರಡುವವರಿಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ನಾಡದೋಣಿಯ ಇಂಜಿನ್ ದಿನವೂ ಓಡುತ್ತದೆ. ಸದ್ದಿನಲ್ಲಿ ಚೂರು ಬದಲಾದರೂ ಅವರಿಗೆ ಅಂದೇ ತಿಳಿಯುತ್ತದೆ, ಸಂಜೆಯೊಳಗೆ ಬಿಚ್ಚಿ ನೋಡುತ್ತಾರೆ. ಹವ್ಯಾಸದ ದೋಣಿ ತಿಂಗಳಿಗೆ ಒಂದೆರಡು ಸಲ ನೀರಿಗಿಳಿದು, ಉಳಿದ ದಿನವೆಲ್ಲ ಒಳಗೆ ಉಪ್ಪು ಕಟ್ಟಿಕೊಂಡು, ಟ್ಯಾಂಕಿನಲ್ಲಿ ಹಳೆಯ ಪೆಟ್ರೋಲು ಇಟ್ಟುಕೊಂಡು ನಿಂತಿರುತ್ತದೆ. ಅಷ್ಟು ದಿನ ಯಾರೂ ಅದರ ಕಡೆ ನೋಡಿರುವುದಿಲ್ಲ. ಸಣ್ಣ ದೋಣಿಯ ಆರೈಕೆ ಎಂದರೆ ಬಹುಪಾಲು ಈ ನಿಂತ ದಿನಗಳ ಆರೈಕೆಯೇ.

ಮೊದಲು ಉಪ್ಪಿನ ಮಾತು. ಔಟ್‌ಬೋರ್ಡ್ ಇಂಜಿನ್ ತಾನು ತೇಲುವ ನೀರನ್ನೇ ಹೀರಿ ತಣ್ಣಗಾಗುತ್ತದೆ. ದಡಕ್ಕೆ ಬಂದು ಇಂಜಿನ್ ಆಫ್ ಮಾಡಿದಾಗ ಒಳಗಿನ ಸಣ್ಣ ಹಾದಿಗಳಲ್ಲಿ ಉಪ್ಪುನೀರು ಉಳಿಯುತ್ತದೆ, ಒಣಗುತ್ತದೆ, ಪದರ ಕಟ್ಟುತ್ತದೆ. ಹಾಗಾಗಿ ಪ್ರತಿ ಸಲ, ಒಂದೇ ಗಂಟೆ ಓಡಿಸಿದ್ದರೂ, ಸಿಹಿನೀರಿನಲ್ಲಿ ತೊಳೆಯಲೇಬೇಕು. ನಮ್ಮ ಕಡೆ ಸುಲಭವಾದದ್ದು ಡ್ರಮ್ಮಿನ ದಾರಿ. ದೊಡ್ಡ ಪ್ಲಾಸ್ಟಿಕ್ ಡ್ರಮ್ಮಿಗೆ ಬಾವಿನೀರು ತುಂಬಿಸಿ, ನೀರು ಹೀರುವ ಕಿಂಡಿಗಳು ಪೂರ್ತಿ ಮುಳುಗುವಂತೆ ಇಂಜಿನ್ ಇಳಿಸಿ, ನ್ಯೂಟ್ರಲ್‌ನಲ್ಲಿ 10–15 ನಿಮಿಷ ನಿಧಾನಕ್ಕೆ ಓಡಿಸಬೇಕು. ಹಿಂಬದಿಯ ಸಣ್ಣ ರಂಧ್ರದಿಂದ ನೀರು ಬಿರುಸಾಗಿ ಚಿಮ್ಮುತ್ತಿದೆಯೇ ಎಂದು ಕಣ್ಣಿಟ್ಟಿರಬೇಕು. ಧಾರೆ ಸಣ್ಣದಾದರೆ ಒಂದೋ ರಂಧ್ರ ಕಟ್ಟಿದೆ, ಇಲ್ಲವೇ ಇಂಪೆಲ್ಲರ್ ಸವೆದಿದೆ. ತೆಳು ತಂತಿ ಹಾಕಿ ರಂಧ್ರ ಬಿಡಿಸಿ ನೋಡಿ. ಆಗಲೂ ಸರಿಹೋಗದಿದ್ದರೆ ಇಂಪೆಲ್ಲರ್ ಬದಲಿಸಿಯೇ ಮುಂದಿನ ಸಲ ಹೊರಡಿ. ಸ್ಟಾರ್ಟ್ ಆಗುತ್ತದೋ ಇಲ್ಲವೋ ನೋಡೋಣವೆಂದು ನೀರಿಲ್ಲದೆ ಇಂಜಿನ್ ಓಡಿಸುವವರಿದ್ದಾರೆ. ಆ ರಬ್ಬರಿನ ರೆಕ್ಕೆಗಳು ಒಣಗಿ ತಿರುಗಿದರೆ ನಿಮಿಷದೊಳಗೆ ಸುಟ್ಟುಹೋಗಬಹುದು. ಏನೂ ತೊಂದರೆ ಕಾಣದಿದ್ದರೂ ಒಂದೆರಡು ವರ್ಷಕ್ಕೊಮ್ಮೆ ಅದನ್ನು ಬದಲಿಸುವುದೇ ಸರಿ. ಓಡದೆ ನಿಂತ ಇಂಜಿನ್ನಿನಲ್ಲೂ ರಬ್ಬರು ಬಾಗಿದ ಆಕಾರದಲ್ಲೇ ಗಟ್ಟಿಯಾಗಿಬಿಡುತ್ತದೆ.

ಗೇರ್ ಆಯಿಲ್ ವಿಷಯದಲ್ಲಿ ಇನ್ನೂ ಸ್ವಲ್ಪ ನಿಲ್ಲುತ್ತೇನೆ. ಗಾಳದವರಿಗೆಂದೇ ಇರುವ ಕಾಯಿಲೆ ಅದರೊಳಗಿದೆ. ಎಸೆದ ಗಾಳದ ನೈಲಾನ್ ದಾರ ತೇಲುತ್ತ ಬಂದು ಫ್ಯಾನಿಗೆ ಸುತ್ತಿಕೊಳ್ಳುತ್ತದೆ. ಹೊರಗೆ ಕಂಡದ್ದನ್ನು ಕತ್ತರಿಸಿ ತೆಗೆಯುತ್ತೇವೆ. ಆದರೆ ಫ್ಯಾನಿನ ಹಿಂದೆ, ಶಾಫ್ಟಿನ ಬುಡದಲ್ಲಿ ಹೊಕ್ಕ ನಾಲ್ಕು ಸುತ್ತು ದಾರ ಅಲ್ಲೇ ಬಿಗಿದು, ಬಿಸಿಯಾಗಿ, ಆಯಿಲ್ ಸೀಲನ್ನು ಕೊಯ್ಯುತ್ತದೆ. ಅಲ್ಲಿಂದ ನೀರು ಒಳಗೆ ನುಗ್ಗುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗದು. ಗೇರ್ ಕೇಸಿನ ಕೆಳಗಿನ ಸ್ಕ್ರೂ ಬಿಚ್ಚಿ, ಆಮೇಲೆ ಮೇಲಿನದನ್ನು ಸಡಿಲಿಸಿ, ಬಿಳಿ ಡಬ್ಬದಲ್ಲಿ ಆಯಿಲ್ ಹಿಡಿದು ನೋಡಿ. ಹಳೆಯ ಆಯಿಲ್ ಕಪ್ಪಗೆ ಬಂದರೆ ಚಿಂತೆಯಿಲ್ಲ. ಹಾಲು ಹೆಚ್ಚಾದ ಕಾಫಿಯಂತೆ ಬಂದರೆ ನೀರು ಹೊಕ್ಕಿದೆ ಎಂದೇ ಅರ್ಥ. ಸ್ಕ್ರೂವಿನ ಅಯಸ್ಕಾಂತದ ತುದಿಗೆ ಸಣ್ಣ ಬೂದಿಬಣ್ಣದ ಲೇಪ ಅಂಟಿರುವುದು ಸಹಜ. ಲೋಹದ ಚೂರುಗಳೇ ಅಂಟಿದ್ದರೆ ಗೇರು ಸವೆಯುತ್ತಿದೆ. ಹೊಸ ಆಯಿಲನ್ನು ಮೇಲಿನಿಂದ ಸುರಿದರೆ ಒಳಗೆ ಗಾಳಿ ಉಳಿಯುತ್ತದೆ. ಕೆಳಗಿನ ತೂತಿನಿಂದ ಪಂಪು ಮಾಡುತ್ತ, ಮೇಲಿನ ತೂತಿನಿಂದ ಗುಳ್ಳೆಯಿಲ್ಲದೆ ಹೊರಬರುವವರೆಗೆ ತುಂಬಬೇಕು. ಮೇಲಿನ ಸ್ಕ್ರೂ ಮೊದಲು ಬಿಗಿದು, ಆಮೇಲೆ ಕೆಳಗಿನದು. ವಾಷರುಗಳು ಪ್ರತಿ ಸಲ ಹೊಸವೇ ಇರಲಿ. ಇಷ್ಟನ್ನು 100 ಗಂಟೆಗೊಮ್ಮೆ ಅಥವಾ 6 ತಿಂಗಳಿಗೊಮ್ಮೆ ಮಾಡಿ. ಫ್ಯಾನನ್ನು ಮಾತ್ರ ಆಗಾಗ ಬಿಚ್ಚಿ, ದಾರ ಇದೆಯೇ ನೋಡಿ, ಶಾಫ್ಟಿಗೆ ಗ್ರೀಸ್ ಸವರಿ ಮತ್ತೆ ಹಾಕಿ. ಕಾಟರ್ ಪಿನ್ ಒಂದೆರಡು ಹೆಚ್ಚಿಗೆ ದೋಣಿಯಲ್ಲೇ ಇರಲಿ.

ಪೆಟ್ರೋಲಿನ ತಲೆನೋವು ಈಚಿನದು. ಬಂಕುಗಳಲ್ಲಿ ಈಗ ಸಿಗುವುದು ನೂರಕ್ಕೆ 20 ಭಾಗ ಎಥನಾಲ್ ಬೆರೆತ ಪೆಟ್ರೋಲ್. ಹೆಚ್ಚಿನ ಔಟ್‌ಬೋರ್ಡ್ ಇಂಜಿನ್ನುಗಳ ಕೈಪಿಡಿ ಒಪ್ಪುವುದು ನೂರಕ್ಕೆ 10ರವರೆಗೆ ಮಾತ್ರ. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಕರಾವಳಿಯ ಗಾಳಿಯಲ್ಲಿ ತೇವಕ್ಕೇನು ಬರ! ನೀರಿನ ಅಂಶ ಮಿತಿ ಮೀರಿದಾಗ ನೀರೂ ಎಥನಾಲೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಇಂಧನದ ಪೈಪು ಹೀರುವುದೂ ತಳದಿಂದಲೇ. ಟೂ ಸ್ಟ್ರೋಕ್ ಇಂಜಿನ್ನಿಗೆ ನೀವು ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲಿನಲ್ಲಿ ಉಳಿದು, ತಳದ ಪದರ ಆಯಿಲ್ ಇಲ್ಲದೆ ಒಳಗೆ ಹೋಗುತ್ತದೆ. ಹಳೆಯ ರಬ್ಬರ್ ಪೈಪುಗಳೂ ಎಥನಾಲಿಗೆ ಮೆತ್ತಗಾಗಿ ಒಳಗೊಳಗೇ ಸುಲಿಯುತ್ತವೆ. ಆದ್ದರಿಂದ ಅಂದಿಗೆ ಬೇಕಾದಷ್ಟೇ ಪೆಟ್ರೋಲು ತನ್ನಿ. ಉಳಿದದ್ದನ್ನು ತಂದು ಬೈಕಿಗೆ ಹಾಕುವುದಾದರೆ ಆಯಿಲ್ ಬೆರೆಸುವ ಮೊದಲೇ ತೆಗೆದಿಡಿ. ಟ್ಯಾಂಕಿಗೂ ಇಂಜಿನ್ನಿಗೂ ನಡುವೆ ನೀರು ಬೇರ್ಪಡಿಸುವ ಫಿಲ್ಟರ್ ಒಂದನ್ನು ಕೂರಿಸಿ. ದೋಣಿಗೆ ಹಾಕುವ ಹೆಚ್ಚುವರಿ ಸಾಮಾನುಗಳಲ್ಲಿ ನನ್ನ ಪಟ್ಟಿಯ ಮೊದಲ ಹೆಸರು ಅದೇ. ಕಾರ್ಬ್ಯುರೇಟರ್ ಇರುವ ಇಂಜಿನ್ನಾದರೆ ತೊಳೆಯುವ ಕೊನೆಯಲ್ಲಿ ಪೆಟ್ರೋಲಿನ ಪೈಪು ಕಳಚಿ, ತಾನಾಗಿ ನಿಲ್ಲುವವರೆಗೆ ಓಡಲು ಬಿಡಿ.

ನಾಡದೋಣಿಯವರಿಂದ ಸೆಕೆಂಡ್ ಹ್ಯಾಂಡ್ ಇಂಜಿನ್ ಕೊಳ್ಳುವವರು ಅದು ಸೀಮೆಎಣ್ಣೆಯದ್ದೇ ಎಂದು ಮೊದಲೇ ಕೇಳಿಕೊಳ್ಳಿ. ಅಂಥವು ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ, ಬಿಸಿಯೇರಿದ ಮೇಲೆ ಸೀಮೆಎಣ್ಣೆಗೆ ಬದಲಾಗುತ್ತವೆ. ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ತಂದು ಓಡಿಸದಿದ್ದರೆ ಮರುದಿನ ಎಷ್ಟು ಹಗ್ಗ ಎಳೆದರೂ ಏಳುವುದಿಲ್ಲ.

ಇನ್ನು ದೋಣಿಯ ಮೈ. ಫೈಬರ್ ದೋಣಿ ಕೊಳೆಯುವುದಿಲ್ಲ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಫೈಬರ್ ಕೊಳೆಯುವುದಿಲ್ಲ, ಆದರೆ ಇಂಜಿನ್ ಕೂರುವ ಹಿಂಬದಿಯ ಹಲಗೆಯೊಳಗೆ ಸಾಮಾನ್ಯವಾಗಿ ಇರುವುದು ಪ್ಲೈವುಡ್. ಒಂದೇ ಒಂದು ಸೀಲ್ ಇಲ್ಲದ ಸ್ಕ್ರೂ ತೂತು ಸಾಕು, ನೀರು ಒಳಗಿಳಿದು ಮರವನ್ನು ಮೆತ್ತಗೆ ತಿನ್ನುತ್ತ ಹೋಗುತ್ತದೆ. ಸ್ಕ್ರೂಡ್ರೈವರಿನ ಹಿಡಿಯಿಂದ ಹಲಗೆಯ ಉದ್ದಕ್ಕೂ ಬಡಿಯುತ್ತ ಬನ್ನಿ. ಗಟ್ಟಿ ಜಾಗ ಟಣ್ ಎನ್ನುತ್ತದೆ, ಕೊಳೆತದ್ದು ದಪ್ಪಗೆ ಗುದ್ದಿದಂತೆ ಕೇಳುತ್ತದೆ. ಇಂಜಿನ್ನನ್ನು ಮೇಲಕ್ಕೆತ್ತಿ ಅದರ ಕೆಳತುದಿ ಹಿಡಿದು ಒತ್ತಿ ನೋಡಿ. ಹಲಗೆ ಅಲುಗಿದರೆ ಆ ದೋಣಿಯನ್ನು ಕಡಲಿಗೆ ಒಯ್ಯಬೇಡಿ.

ಸಾಮಾನು ಜೋಡಿಸುವವರು ತಪ್ಪುವುದೂ ಈ ಹಲಗೆಯಲ್ಲೇ. ಮೀನು ಹುಡುಕುವ ಸೋನಾರಿಗೆ ಒಂದು ತೂತು, ಆ ಜಾಗ ಸರಿಬರಲಿಲ್ಲವೆಂದು ನಾಲ್ಕು ಬೆರಳು ಆಚೆಗೆ ಇನ್ನೊಂದು. ಅದರ ಬದಲು ದಪ್ಪನೆಯ ಪ್ಲಾಸ್ಟಿಕ್ ಹಲಗೆಯ ತುಂಡೊಂದನ್ನು ಒಂದೇ ಸಲ ಭದ್ರವಾಗಿ ಕೂರಿಸಿ, ಮುಂದಿನ ಸ್ಕ್ರೂಗಳೆಲ್ಲ ಆ ತುಂಡಿಗೇ ಹೋಗುವಂತೆ ಮಾಡಿ. ಕೊರೆದ ಪ್ರತಿ ತೂತಿಗೂ ಪಾಲಿಯುರೆಥೇನ್ ಸೀಲೆಂಟ್ ತುಂಬಬೇಕು. ಬಾತ್‌ರೂಮಿಗೆ ಹಚ್ಚುವ ಸಿಲಿಕೋನ್ ನೀರಿನ ಮಟ್ಟದ ಕೆಳಗೆ ನಂಬಲು ಯೋಗ್ಯವಲ್ಲ. ರಾಡ್ ಹೋಲ್ಡರ್ ಹಾಕುವಾಗ ಕೆಳಗಿನಿಂದ ಒಂದು ಪಟ್ಟಿ ಕೊಟ್ಟು ನಟ್ಟು ಬಿಗಿಯಿರಿ. ಬರಿಯ ಸ್ಕ್ರೂವಿಗೆ ಬಿಟ್ಟರೆ ದೊಡ್ಡ ಅಂಜಲ್ ಹೊಡೆದ ದಿನ ರಾಡು, ಹೋಲ್ಡರ್ ಎರಡೂ ಕಡಲಿಗೆ.

ಬೋಲ್ಟು ಕೊಳ್ಳುವಾಗ ‘ಸ್ಟೀಲು’ ಎಂದಷ್ಟೇ ಕೇಳಬೇಡಿ, 316 ದರ್ಜೆಯದು ಎಂದು ಕೇಳಿ. ಅಡುಗೆಮನೆಯ ಪಾತ್ರೆಗಳಿಗೆ ಬಳಸುವ 304 ಉಪ್ಪುಗಾಳಿಗೆ ಬೇಗ ಕಂದುಗಟ್ಟುತ್ತದೆ. ಅಯಸ್ಕಾಂತ ಹಿಡಿದು ಪರೀಕ್ಷಿಸಿದರೆ ಗೊತ್ತಾಗದು, ಎರಡೂ ಬಹುಮಟ್ಟಿಗೆ ಅಂಟುವುದಿಲ್ಲ. ಇಂಜಿನ್ನಿಗೆ ಕಟ್ಟಿರುವ ಜಿಂಕ್ ತುಂಡು ಅರ್ಧ ಸವೆದಾಗ ಬದಲಿಸಿ. ಇಂಜಿನ್ನಿನ ಲೋಹದ ಬದಲು ತಾನು ಕರಗುವುದೇ ಅದರ ಕೆಲಸ, ಅದಕ್ಕೆ ಪೇಂಟು ಬಳಿದರೆ ಆ ಕೆಲಸ ನಿಲ್ಲುತ್ತದೆ. ಹೆಚ್ಚು ಕಾಲ ಹೊಳೆಯ ಸವುಳು ನೀರಿನಲ್ಲೇ ನಿಲ್ಲುವ ದೋಣಿಗೆ ಅಲ್ಯೂಮಿನಿಯಂ ಮಿಶ್ರಲೋಹದ ತುಂಡು ಮೇಲು. ಉಪ್ಪು ಕಡಿಮೆಯಾದಲ್ಲಿ ಜಿಂಕಿನ ಮೇಲೆ ಪೊರೆ ಕಟ್ಟಿ ಅದು ಸುಮ್ಮನಾಗಿಬಿಡುತ್ತದೆ.

ವೈರಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮನೆಯ ವೈರು ಬೇಡ, ತವರ ಲೇಪಿಸಿದ ತಾಮ್ರದ ವೈರು ಬೇಕು. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಬೇಕು. ಬ್ಯಾಟರಿಯನ್ನು ಪಟ್ಟಿಯಿಂದ ಬಿಗಿದಿರಬೇಕು. ತಳದ ನೀರು ಹೊರಹಾಕುವ ಪಂಪಿಗೆ ತೇಲುವ ಸ್ವಿಚ್ ಕೊಟ್ಟು, ಫ್ಯೂಸ್ ಮೂಲಕ ನೇರ ಬ್ಯಾಟರಿಗೇ ಕೊಡಬೇಕು. ಆದರೆ ಪಂಪಿನ ಮೇಲೆ ಭಾರ ಹಾಕಿ ಕೂರಬೇಡಿ. ನೀರು ಬಿಡುವ ಬಿರಡೆ ಮರೆತು ದೋಣಿ ಇಳಿಸಿದಿರಿ ಎನ್ನಿ. ಒಂದಿಂಚಿನ ಆ ತೂತು ನೀರಿನ ಮಟ್ಟದಿಂದ 20 ಸೆಂಟಿಮೀಟರ್ ಕೆಳಗಿದ್ದರೆ ನಿಮಿಷಕ್ಕೆ 30 ಲೀಟರಿಗೂ ಹೆಚ್ಚು ನೀರು ಒಳಬರುತ್ತದೆ. ಬಿರಡೆ ಹಾಕಿದ್ದನ್ನು ಕೈಯಿಂದ ಮುಟ್ಟಿ ನೋಡಿಯೇ ದೋಣಿ ತಳ್ಳಿ, ಇನ್ನೊಂದು ಬಿರಡೆಯನ್ನು ದಾರ ಕಟ್ಟಿ ಒಳಗೇ ಇಡಿ.

ಕೋಡಿಬೆಂಗ್ರೆಯಲ್ಲಿ ಸ್ವರ್ಣಾ, ಸೀತಾ ನದಿಗಳು ಕಡಲು ಸೇರುವಲ್ಲಿ, ಸಸಿಹಿತ್ಲಿನಲ್ಲಿ, ಹೊನ್ನಾವರದ ಶರಾವತಿಯ ಬಾಯಲ್ಲಿ ಗಾಳ ಹಾಕುವವರಿಗೆ ಅಳಿವೆಯ ಸ್ವಭಾವ ಗೊತ್ತು. ಮಳೆಗಾಲ ಕಳೆಯುವಷ್ಟರಲ್ಲಿ ಮರಳಿನ ದಿಬ್ಬಗಳು ಜಾಗ ಬದಲಿಸಿರುತ್ತವೆ. ಇಳಿತದ ನೀರು ಹೊರಕ್ಕೆ ರಭಸದಿಂದ ಓಡುವಾಗ ಎದುರಿನಿಂದ ಅಲೆ ಬಂದರೆ ಅದು ಎದ್ದು ಮುರಿಯುತ್ತದೆ. ಅಲ್ಲಿ ದಾಟುವುದು ಉಬ್ಬರದ ಹೊತ್ತಿನಲ್ಲೇ ಲೇಸು, ಅದೂ ಸ್ಥಳೀಯ ಮೀನುಗಾರರನ್ನು ಕೇಳಿಕೊಂಡು. ಇಂಜಿನ್ ನಿಂತರೆ ಮೊದಲ ಆಸರೆ ಲಂಗರು. ಆದ್ದರಿಂದ ಅದು ಐಸ್ ಪೆಟ್ಟಿಗೆಯ ಅಡಿಯಲ್ಲಿ ಹೂತಿರಬಾರದು. ಹಗ್ಗದ ಇನ್ನೊಂದು ತುದಿ ದೋಣಿಯ ಮುಂತುದಿಗೆ ಕಟ್ಟಿಯೇ ಇರಬೇಕು. ನೀರಿನ ಆಳದ ಐದರಿಂದ ಏಳು ಪಟ್ಟು ಹಗ್ಗ, ಲಂಗರಿನ ಬುಡಕ್ಕೆ ಒಂದಷ್ಟು ಸರಪಳಿ ಇದ್ದರೆ ಅದು ಮರಳಿನಲ್ಲಿ ಕಚ್ಚುತ್ತದೆ. ಹಿಂತುದಿಯಿಂದ ಮಾತ್ರ ಎಂದೂ ಲಂಗರು ಹಾಕಬೇಡಿ. ಇಂಜಿನ್ನಿನ ಭಾರಕ್ಕೆ ಮೊದಲೇ ತಗ್ಗಿರುವ ಆ ಕಡೆಯಿಂದ ಅಲೆ ನೇರ ಒಳಗೆ ಬರುತ್ತದೆ. ಎರಡು ಹುಟ್ಟು, ಒಂದು ಹರಿತವಾದ ಚಾಕು, ನೀರು ಮೊಗೆಯಲು ಬಕೆಟ್ಟು ಕೈಗೆಟುಕುವಲ್ಲಿರಲಿ. ಪೆಟ್ರೋಲಿನ ಮೂರನೇ ಒಂದು ಭಾಗ ಹೋಗಲು, ಒಂದು ಭಾಗ ಬರಲು, ಉಳಿದದ್ದು ಆಪತ್ತಿಗೆ.

ಲೈಫ್ ಜಾಕೆಟ್ಟು ಮೈಮೇಲೆ ಇರಬೇಕು, ಸೀಟಿನ ಕೆಳಗಲ್ಲ. ಇಂಜಿನ್ ನಿಲ್ಲಿಸುವ ಕೆಂಪು ದಾರ ನಡೆಸುವವರ ಕೈಗೋ ಜಾಕೆಟ್ಟಿಗೋ ಸಿಕ್ಕಿಸಿರಬೇಕು. ನೀರು ಹೊಗದ ಚೀಲದಲ್ಲಿ ಫೋನು, ಅದರಲ್ಲಿ ಕೋಸ್ಟ್ ಗಾರ್ಡಿನ 1554, ಕರಾವಳಿ ಕಾವಲು ಪೊಲೀಸರ 1093 ಇರಲಿ. ದಡ ಕಾಣದಷ್ಟು ದೂರ ಹೋಗುವವರಿಗೆ ಫೋನು ಸಾಲದು, ವಿಎಚ್‌ಎಫ್ ರೇಡಿಯೊ ಬೇಕು. ಅದರ 16ನೇ ಚಾನೆಲ್ ಆಪತ್ತಿನ ಕರೆಗೆ ಮೀಸಲು. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಅಲೆಯ ಎತ್ತರದ ಮುನ್ಸೂಚನೆ ಕೊಡುತ್ತದೆ, ಹೊರಡುವ ಹಿಂದಿನ ರಾತ್ರಿ ಅದನ್ನು ನೋಡಿ. ಎಷ್ಟು ಹೊತ್ತಿಗೆ ವಾಪಸು ಎಂದು ಮನೆಯಲ್ಲಿ ಹೇಳಿ ಹೊರಡಿ.

ಮಳೆಗಾಲದ ವಿಶ್ರಾಂತಿಗೂ ಒಂದು ಕ್ರಮವಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕಡಲಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. 10 ಎಚ್.ಪಿ.ಗಿಂತ ಹೆಚ್ಚಿನ ಔಟ್‌ಬೋರ್ಡಿಗೂ ಅದು ಅನ್ವಯ. ಆ ದಿನಗಳಲ್ಲಿ ದೋಣಿಯನ್ನು ಹೊಳೆಯಲ್ಲಿ ಕಟ್ಟಿ ಬಿಡಬೇಡಿ. ಐದು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ದೋಣಿಯೊಳಗೆ ಒಂದು ದಿನದ 100 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 750 ಲೀಟರ್ ನೀರು, ಅಂದರೆ 750 ಕಿಲೋ ಭಾರ. ದಡಕ್ಕೆ ಎಳೆದು, ಮುಂತುದಿ ಎತ್ತರಿಸಿ, ಬಿರಡೆ ತೆಗೆದಿಡಿ. ತೆಂಗಿನ ಮರದ ಬುಡ ಬೇಡ, ಒಂದು ಕಾಯಿ ಬಿದ್ದರೆ ಫೈಬರ್ ಸೀಳುತ್ತದೆ. ಟಾರ್ಪಾಲಿನ ಅಡಿ ಗಾಳಿಯಾಡಲಿ. ಇಂಜಿನ್ನು ಮನೆಯೊಳಗೆ ನೆಟ್ಟಗೆ ನಿಂತಿರಲಿ. ಇಲಿಗಳಿಗೆ ಪೆಟ್ರೋಲಿನ ಪೈಪೂ ವೈರೂ ಒಂದೇ, ಕಡಿದಿವೆಯೇ ಎಂದು ವಾರಕ್ಕೊಮ್ಮೆ ನೋಡಿ.

ಫೈಬರ್ ಕೆಲಸವನ್ನು ಏಪ್ರಿಲ್–ಮೇ ತಿಂಗಳಲ್ಲೇ ಮುಗಿಸಿ, ತೇವದ ಮೇಲೆ ಹಚ್ಚಿದ ರೆಸಿನ್ ಹಿಡಿಯುವುದಿಲ್ಲ. ಇಂಜಿನ್ನನ್ನು ಜೂನ್ ಮೊದಲ ವಾರವೇ ಮೆಕ್ಯಾನಿಕ್ಕಿಗೆ ಒಪ್ಪಿಸಿ. ಜುಲೈ ಕೊನೆಗೆ ಅವರ ಅಂಗಳದಲ್ಲಿ ಸಾಲುಗಟ್ಟುವುದು ಕಡಲನ್ನೇ ನಂಬಿ ಬದುಕುವವರ ಇಂಜಿನ್ನುಗಳು. ಆ ಸಾಲಿನಲ್ಲಿ ಹವ್ಯಾಸದವರು ಅಡ್ಡ ನಿಲ್ಲುವುದು ಬೇಡ.