23 ಪದ, 140 ಕೋಟಿ ಜನ

ಭಾರತ ಸಂವಿಧಾನದ 15(1)ನೇ ವಿಧಿ ಇಂಗ್ಲಿಷ್ ಮೂಲದಲ್ಲಿ ಎಷ್ಟು ಉದ್ದವಿದೆ ಗೊತ್ತೇ? ಬರೀ 23 ಪದ! ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವಿಷ್ಟೇ ಕಾರಣಕ್ಕೆ ಯಾವ ಪ್ರಜೆಗೂ ಸರ್ಕಾರ ಭೇದ ಮಾಡಕೂಡದು ಎನ್ನುವ ಆ ಒಂದೇ ವಾಕ್ಯದ ನೆರಳಲ್ಲಿ ಇಂದು 140 ಕೋಟಿಗೂ ಹೆಚ್ಚು ಜನರಿದ್ದಾರೆ. ಭಾಗಿಸಿ ನೋಡಿ, ಪದಕ್ಕೆ 6 ಕೋಟಿ ಬೀಳುತ್ತದೆ. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆಯೇ 6.11 ಕೋಟಿ. ಒಂದೊಂದು ಪದವೂ ಒಂದೊಂದು ಕರ್ನಾಟಕವನ್ನು ಹೊತ್ತು ನಿಂತಿದೆ! ಶಾಲೆ ಕಾಲೇಜುಗಳಲ್ಲಿ ಲಿಂಗಭೇದ ನಿಷೇಧಿಸಿದ ಅಮೆರಿಕದ ಹೆಸರಾಂತ ‘ಟೈಟಲ್ ನೈನ್’ ಕಾನೂನಿನ ಮುಖ್ಯ ವಾಕ್ಯಕ್ಕೆ 37 ಪದ ಬೇಕಾದವು. ಅದು ಬಂದದ್ದು 1972ರಲ್ಲಿ, ನಮ್ಮ ಸಂವಿಧಾನ ಜಾರಿಯಾಗಿ 22 ವರ್ಷ ಕಳೆದ ಮೇಲೆ.

ಆ 23ರಲ್ಲಿ ‘ಲಿಂಗ’ ಎನ್ನುವ ಒಂದು ಪದದ ಲೆಕ್ಕವನ್ನಷ್ಟೇ ನೋಡೋಣ. 1901ರಲ್ಲಿ ಭಾರತದ ಸಾವಿರ ಹೆಣ್ಣುಮಕ್ಕಳಲ್ಲಿ ಓದು ಬರಹ ಬಲ್ಲವರು 6 ಮಂದಿ. 1951ಕ್ಕೆ 89. 2011ಕ್ಕೆ 640 ದಾಟಿತು. 110 ವರ್ಷದಲ್ಲಿ ನೂರು ಪಟ್ಟಿಗೂ ಮಿಕ್ಕಿದ ಏರಿಕೆ!

ಈಗ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗೆ ಬನ್ನಿ. ದೇಶಕ್ಕೆ ಸಿಮೆಂಟು, ನೆಲಗಲ್ಲು, ತೊಗರಿ ಕೊಡುವ ಊರುಗಳಿವು. ಇವೆಲ್ಲ ಸೇರಿದ ಕಲಬುರಗಿ ಜಿಲ್ಲೆಯಲ್ಲಿ 2011ರಲ್ಲಿ ನೂರಕ್ಕೆ 74 ಗಂಡಸರು ಅಕ್ಷರಸ್ಥರು. ಹೆಂಗಸರು 55 ಮಾತ್ರ. ಅಕ್ಷರ ಸಿಗದ ಹೆಣ್ಣುಮಕ್ಕಳು 4 ಲಕ್ಷಕ್ಕೂ ಹೆಚ್ಚು. ಮೀಟರಿಗೊಬ್ಬರಂತೆ ನಿಂತರೆ ಆ ಸಾಲು ವಾಡಿ ಜಂಕ್ಷನ್ನಿನಿಂದ ರೈಲುಹಳಿಯಗುಂಟ ಹೈದರಾಬಾದ್ ಮುಟ್ಟಿ, ಮತ್ತೆ ವಾಡಿಗೆ ಮರಳಿ, ಇನ್ನೂ ಉಳಿಯುತ್ತದೆ. ಇಷ್ಟು ಉದ್ದದ ಅನ್ಯಾಯವನ್ನು ಶೇಕಡಾವಾರು ಲೆಕ್ಕದೊಳಗೆ ಬಚ್ಚಿಡಬಾರದು.

ಹೆಣ್ಣುಮಕ್ಕಳಿಗಾಗಿ ವಿಶೇಷ ಏರ್ಪಾಡು ಮಾಡಬಹುದು ಎನ್ನುವ 15(3)ನೇ ವಿಧಿ ಇನ್ನೂ ಚಿಕ್ಕದು, 17 ಪದ. 2004ರಲ್ಲಿ ಶುರುವಾದ ಕಸ್ತೂರಬಾ ಗಾಂಧಿ ಬಾಲಿಕಾ ವಸತಿ ಶಾಲೆಗಳಿಗೆ ಜಾಗ ಮಾಡಿಕೊಟ್ಟದ್ದು ಅದೇ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ, ಹುಡುಗಿಯರಿಗೆ ಬೇರೆ ಶೌಚಾಲಯ ಇರಲೇಬೇಕು ಎಂದೂ ಬರೆಯಿತು. ಋತುಮತಿಯಾದ ಮೇಲೆ ಶಾಲೆ ಬಿಡುವ ಹುಡುಗಿಯ ಮಟ್ಟಿಗೆ ಈ ಒಂದು ಸಾಲು ಇಡೀ ಕಾಯ್ದೆಯಷ್ಟೇ ದೊಡ್ಡದು.

ಇನ್ನು ಸೈಕಲ್ಲು! 2006-07ರಿಂದ ಕರ್ನಾಟಕ 8ನೇ ತರಗತಿಯ ಮಕ್ಕಳಿಗೆ ಸೈಕಲ್ ಹಂಚತೊಡಗಿತು. ಹುಡುಗಿಯೊಬ್ಬಳ ಹೈಸ್ಕೂಲು 5 ಕಿ.ಮೀ. ದೂರ, ವರ್ಷಕ್ಕೆ 220 ದಿನ ಶಾಲೆ ಎಂದುಕೊಳ್ಳಿ. ಎಸ್ಸೆಸ್ಸೆಲ್ಸಿ ಮುಗಿಯುವ ಹೊತ್ತಿಗೆ ಅವಳು ತುಳಿದದ್ದು 6,600 ಕಿ.ಮೀ. ಭಾರತದ ಉತ್ತರ ತುದಿಯಿಂದ ದಕ್ಷಿಣ ತುದಿಗೆ ನೇರ ಗೆರೆಯಲ್ಲಿ 3,214 ಕಿ.ಮೀ.; ಅವಳು ಹೋಗಿ ಬಂದೂ ಆಯಿತು! ಆರು ಗೆಳತಿಯರ ಸೈಕಲ್ಲುಗಳನ್ನು ಕೂಡಿಸಿದರೆ 39,600 ಕಿ.ಮೀ. ಭೂಮಿಯ ಸುತ್ತಳತೆಗೆ ಕಡಿಮೆ ಬೀಳುವುದು 500 ಕಿ.ಮೀ.ಗೂ ಕಡಿಮೆ.

ಭೂಮಿಯೂ ಸಣ್ಣದಾಗುವುದು ಬಸ್ಸಿನ ಲೆಕ್ಕಕ್ಕೆ. 2023ರ ಜೂನ್ 11ರಂದು, ರಾಜ್ಯದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ ‘ಶಕ್ತಿ’ ಯೋಜನೆ ಶುರುವಾಯಿತು. ಚಿಂಚೋಳಿಯ ಹಳ್ಳಿಯಿಂದ ಕಾಲೇಜಿಗೆ ಹೊರಟವಳು, ಸಂತೆಗೆ ಹೊರಟ ಅಜ್ಜಿ, ಸೇಡಂನಿಂದ ಕಲಬುರಗಿಗೆ ಪದವಿ ಓದಲು ಹೋಗುವವಳು, ಯಾರಿಗೂ ಟಿಕೆಟ್ಟಿನ ಕಾಸು ಬೇಕಿಲ್ಲ. ಮಗಳ ಬಸ್ ಖರ್ಚಿಗೆ ಹಿಂದೆಮುಂದೆ ನೋಡುವ ಮನೆಗಳಿಗೆ ಇದರ ಬೆಲೆ ಗೊತ್ತು. 2025ರ ಜುಲೈ ಮಧ್ಯಕ್ಕೆ ರಾಜ್ಯದ ಹೆಂಗಸರ ಉಚಿತ ಪ್ರಯಾಣಗಳು 500 ಕೋಟಿ! ದಿನಕ್ಕೆ ಸರಾಸರಿ 65 ಲಕ್ಷ. ಪ್ರತಿ ಪ್ರಯಾಣ ಒಂದೇ ಒಂದು ಕಿಲೋಮೀಟರ್ ಎಂದು ಜಿಪುಣತನದಿಂದ ಎಣಿಸಿದರೂ 500 ಕೋಟಿ ಕಿ.ಮೀ. ಆಯಿತು. ಸೂರ್ಯನಿಂದ ಕೊನೆಯ ಗ್ರಹ ನೆಪ್ಚೂನಿಗೆ ಸುಮಾರು 450 ಕೋಟಿ. ನಮ್ಮ ಹೆಂಗಸರ ಬಸ್ ಪ್ರಯಾಣ ಅದನ್ನೂ ದಾಟಿ ಹೋಗಿದೆ.