ಹಿಡಿಗಳ ಛಾಯಾಚಿತ್ರ

ಛಾಯಾಚಿತ್ರವೆಂದೊಡನೆ ನಮ್ಮಲ್ಲಿ ಹೆಚ್ಚು ಮಂದಿಯ ಮನಸ್ಸಿಗೆ ಬರುವುದು ಮನುಷ್ಯರ ಮುಖ, ಇಲ್ಲವೆ ಬೆಟ್ಟ, ಜಲಪಾತ, ದೇವಾಲಯ. ಮದುವೆಯ ಮನೆಯಲ್ಲಿ ವಧೂವರರ ಚಿತ್ರಗಳನ್ನು ನೂರಾರು ಸಂಖ್ಯೆಯಲ್ಲಿ ತೆಗೆಯುವುದುಂಟು. ಅದೇ ಮನೆಯ ಉಗ್ರಾಣದಲ್ಲಿ ಮೂರು ತಲೆಮಾರಿನ ಕೈಗಳನ್ನು ಹಾದುಬಂದ ಸೌಟಿನ ಹಿಡಿಯ ಚಿತ್ರವನ್ನು ಮಾತ್ರ ಯಾರೂ ತೆಗೆಯುವುದಿಲ್ಲ. ನಾವು ಈಗ ವಿಚಾರಿಸಬೇಕೆಂದಿರುವುದು ಈ ಎರಡನೆಯ ಬಗೆಯ ಚಿತ್ರವನ್ನು. ಎಂದರೆ ಅಡುಗೆಮನೆ, ಹಿತ್ತಿಲು, ಬಡಗಿಯ ಮೂಲೆ ಇವುಗಳಲ್ಲಿ ದಿನವೂ ಕೈಗೆ ಸಿಕ್ಕುವ ವಸ್ತುಗಳನ್ನು ಒಂದು ಗೇಣಿನಷ್ಟು ಹತ್ತಿರಕ್ಕೆ ಹೋಗಿ ನೋಡಿ ಚಿತ್ರಿಸುವ ಕ್ರಮವನ್ನು. ಇದು ಅಲ್ಪವಿಷಯವೆಂದು ಶ್ರೋತೃಗಳಲ್ಲಿ ಕೆಲವರಿಗೆ ತೋರಿದರೆ ಆಶ್ಚರ್ಯವಿಲ್ಲ. ಆದರೆ ಈ ವಸ್ತುಗಳು ನಮ್ಮ ಮನೆಗಳಿಂದ ಒಂದೊಂದಾಗಿ ಹೊರಬೀಳುತ್ತಿವೆ, ಹೊರಬಿದ್ದುದು ಹಿಂತಿರುಗುವುದಿಲ್ಲ.

ಮೊದಲು ಹಿಡಿಯೆಂದರೇನೆಂಬುದನ್ನು ನೋಡೋಣ. ಕನ್ನಡದಲ್ಲಿ ಇದಕ್ಕೆ ಒಂದೇ ಮಾತಿಲ್ಲ. ಕತ್ತಿಗೆ ಹಿಡಿ, ಕೊಡಲಿಗೆ ಕಾವು, ಬಾಣಲೆಗೆ ಕಿವಿ, ಬೀಸುವ ಕಲ್ಲಿಗೆ ಗೂಟ. ಬೀಗದ ಕೈ ಎನ್ನುವಾಗಲಾದರೋ ಇಡೀ ವಸ್ತುವೇ ಕೈಯಾಗಿಬಿಟ್ಟಿದೆ. ಇನ್ನೊಂದು ವಿಶೇಷವುಂಟು. ನಮ್ಮ ಪಾತ್ರೆಗಳಲ್ಲಿ ಬಹುಪಾಲಿಗೆ ಹಿಡಿಯೇ ಇಲ್ಲ. ತಪ್ಪಲೆಯನ್ನು ಒಲೆಯಿಂದ ಇಳಿಸುವುದಕ್ಕೆ ಇಕ್ಕಳವುಂಟು, ಮಸಿಬಟ್ಟೆಯುಂಟು. ಇಕ್ಕಳವೆಂಬುದು ಎಲ್ಲ ಪಾತ್ರೆಗಳಿಗೂ ಸಾಮಾನ್ಯವಾದ, ಬಿಡಿಸಿ ಇಟ್ಟುಕೊಂಡ ಹಿಡಿಯೇ ಸರಿ. ಚೊಂಬನ್ನು ಹಿಡಿಯುವುದು ಅದರ ಕುತ್ತಿಗೆಯಲ್ಲಿ. ಬಿಂದಿಗೆಯ ಹೊಟ್ಟೆ ಸೊಂಟದ ಮೇಲೆ ಕೂರುತ್ತದೆ, ತೋಳು ಕುತ್ತಿಗೆಯನ್ನು ಬಳಸುತ್ತದೆ. ಕಾಫಿಯ ಲೋಟದ ಅಂಚು ಹೊರಕ್ಕೆ ಮಡಿಸಿಕೊಂಡಿರುವುದು ಅಂದಕ್ಕಾಗಿ ಮಾತ್ರವಲ್ಲ. ಲೋಹವು ಸುಡುತ್ತಿರುವಾಗ ಎರಡು ಬೆರಳಿಗೆ ಆಧಾರವಾಗಿ ಉಳಿಯುವ ಸ್ಥಳ ಅದೊಂದೇ. ಆದ್ದರಿಂದ ಹಿಡಿಯ ಚಿತ್ರ ತೆಗೆಯಬೇಕೆಂದು ಹೊರಟವನು ಅಂಟಿಸಿದ ಹಿಡಿಯನ್ನು ಮಾತ್ರ ಹುಡುಕಿದರೆ ಸಾಲದು. ಕೈಯು ಎಲ್ಲಿ ಕೂರುತ್ತದೆಯೋ ಅದನ್ನು ಹುಡುಕಬೇಕು. 1958ರಲ್ಲಿ ಭಾರತ ಸರ್ಕಾರದ ಕೋರಿಕೆಯ ಮೇಲೆ ವರದಿ ಬರೆದ ಅಮೆರಿಕದ ವಿನ್ಯಾಸಕಾರ ದಂಪತಿಗಳಾದ ಚಾರ್ಲ್ಸ್ ಮತ್ತು ರೇ ಈಮ್ಸ್ ಅವರು ಈ ದೇಶದಲ್ಲಿ ತಾವು ಕಂಡ ವಸ್ತುಗಳಲ್ಲೆಲ್ಲ ಹೆಚ್ಚಾಗಿ ಮೆಚ್ಚಿದ್ದು ಚೊಂಬನ್ನು. ಅದರ ಭಾರ ಎಷ್ಟಿರಬೇಕು, ಅದು ಸೊಂಟಕ್ಕೆ ಹೇಗೆ ಒಗ್ಗಬೇಕು, ನೀರು ಹೇಗೆ ಸುರಿಯಬೇಕು ಎಂದು ಅವರು ಒಂದರ ಮೇಲೊಂದು ಪ್ರಶ್ನೆಯನ್ನು ಎತ್ತಿದರು. ನಾವು ದಿನವೂ ಅದರಲ್ಲಿ ನೀರು ಕುಡಿದರೂ ಆ ಪ್ರಶ್ನೆಗಳನ್ನು ಕೇಳಿಕೊಂಡಿರಲಿಲ್ಲ.

ಜರ್ಮನಿಯ ತತ್ತ್ವಜ್ಞ ಗೇಯೋರ್ಗ್ ಜಿಮ್ಮೆಲ್ ಎಂಬಾತನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಿಡಿಯ ಮೇಲೆಯೇ ಒಂದು ಪ್ರಬಂಧವನ್ನು ಬರೆದನು. ಕಲಾವಸ್ತುವಾದ ಹೂಜಿಯು ಚಿತ್ರಪಟದಂತೆ ತನ್ನದೇ ಆದೊಂದು ಲೋಕದಲ್ಲಿ ನಿಂತಿರುತ್ತದೆ. ಆದರೆ ಅದರ ಹಿಡಿಯು ನಮ್ಮ ಕೈಯಿರುವ ಲೋಕಕ್ಕೆ ಚಾಚಿಕೊಂಡಿರುತ್ತದೆ. ಹೀಗೆ ಒಂದು ವಸ್ತುವು ಎರಡು ಲೋಕಗಳಿಗೂ ಸೇರಿರುವುದೆಂಬುದು ಅವನ ವಿಚಾರದ ತಿರುಳು. ಕ್ಯಾಮರಾದವನಿಗೆ ಈ ಮಾತು ತತ್ತ್ವಜ್ಞನಿಗಿಂತಲೂ ಹೆಚ್ಚಾಗಿ ಬೇಕಾಗಿದೆಯೆಂದು ನಮ್ಮ ಭಾವನೆ.

ಏತಕ್ಕೆಂದರೆ, ಹತ್ತಿರದ ಛಾಯಾಚಿತ್ರದ ಚರಿತ್ರೆಯಲ್ಲಿ ಈ ಎರಡು ಲೋಕಗಳ ಜಗಳವೇ ಮತ್ತೆ ಮತ್ತೆ ಕಾಣಿಸಿಕೊಂಡಿದೆ. ಅಮೆರಿಕದ ಪಾಲ್ ಸ್ಟ್ರ್ಯಾಂಡ್ 1916ರಲ್ಲಿ ಅಡುಗೆಮನೆಯ ಬೋಗುಣಿಗಳನ್ನು ಹತ್ತಿರದಿಂದ ಚಿತ್ರಿಸಿದಾಗ ಅವು ಬೋಗುಣಿಗಳೆಂದು ಗುರುತಿಸುವುದೇ ಕಷ್ಟವಾಗಿ, ನೆರಳು ಬೆಳಕುಗಳ ವಕ್ರರೇಖೆಗಳು ಮಾತ್ರ ಉಳಿದವು. ಎಡ್ವರ್ಡ್ ವೆಸ್ಟನ್ 1925ರಲ್ಲಿ ಮೆಕ್ಸಿಕೋ ದೇಶದಲ್ಲಿ ತನ್ನ ಮನೆಯ ಶೌಚಾಲಯದ ಪಿಂಗಾಣಿ ಪೀಠವನ್ನೇ ಶಿಲ್ಪದಂತೆ ಚಿತ್ರಿಸಿದನು. ಇದನ್ನು ಕೇಳಿ ಮಡಿವಂತರು ಮೂಗು ಮುರಿಯಬಹುದು. ಚಿತ್ರವನ್ನು ನೋಡಿದ ಮೇಲೆ ಮುರಿಯಲಾರರು. ಅದೇ ವೆಸ್ಟನ್ 1930ರಲ್ಲಿ ಒಂದು ದೊಣ್ಣೆಮೆಣಸಿನಕಾಯಿಯನ್ನು ತಗಡಿನ ಆಲಿಕೆಯೊಳಗೆ ಇಟ್ಟು ತೆಗೆದ ಚಿತ್ರವು ಲೋಕಪ್ರಸಿದ್ಧವಾಯಿತು. ಆಲಿಕೆಯ ಒಳಮೈ ಬೆಳಕನ್ನು ಸುತ್ತಲಿಂದಲೂ ಹಿಂದಿರುಗಿಸಿ ಕಾಯಿಯ ಉಬ್ಬುತಗ್ಗುಗಳನ್ನು ಬಿಡಿಸಿ ತೋರಿಸಿತು. ಎರಡು ಕಾಸಿನ ಆಲಿಕೆಯು ಮಾಡಿದ ಈ ಉಪಕಾರವನ್ನು, ಬೆಲೆಬಾಳುವ ದೀಪಗಳಿಲ್ಲದೆ ಏನೂ ಸಾಗದೆಂದು ಕೈಕಟ್ಟಿ ಕುಳಿತ ನಮ್ಮ ತರುಣರು ಗಮನಿಸಬೇಕು.

ಜರ್ಮನಿಯಲ್ಲಿ ಕಾರ್ಲ್ ಬ್ಲಾಸ್‌ಫೆಲ್ಟ್ ಎಂಬ ಉಪಾಧ್ಯಾಯನು ಅಲಂಕಾರಶಿಲ್ಪವನ್ನು ಕಲಿಸುವುದಕ್ಕಾಗಿ ಗಿಡಗಳ ಚಿಗುರು, ಮೊಗ್ಗು, ಕಾಂಡಗಳನ್ನು ಅನೇಕ ಮಡಿ ದೊಡ್ಡದಾಗಿ ಚಿತ್ರಿಸುತ್ತಿದ್ದನು. 1928ರಲ್ಲಿ ಅವು ಪುಸ್ತಕವಾಗಿ ಬಂದಾಗ, ಸುರುಳಿಸುತ್ತಿದ ಎಳೆಯ ಚಿಗುರು ಕಮ್ಮಾರನು ಬಾಗಿಸಿದ ಕಬ್ಬಿಣದ ಹಿಡಿಯಂತೆಯೇ ಇರುವುದನ್ನು ಕಂಡು ಜನ ಬೆರಗಾದರು. ಅದೇ ವರ್ಷ ಅಲ್ಬರ್ಟ್ ರೆಂಗರ್ ಪಾಟ್ಷ್ ತನ್ನ ನೂರು ಚಿತ್ರಗಳನ್ನು ಪ್ರಕಟಿಸಿದನು. ಆ ಗ್ರಂಥಕ್ಕೆ 'ವಸ್ತುಗಳು' ಎಂದಷ್ಟೇ ಹೆಸರಿಡಬೇಕೆಂದು ಆತನ ಇಚ್ಛೆ. ಪ್ರಕಾಶಕರು ಮಾತ್ರ 'ಲೋಕವು ಸುಂದರ' ಎಂದು ಹೆಸರಿಟ್ಟರು. 1931ರಲ್ಲಿ ವಾಲ್ಟರ್ ಬೆಂಯಮಿನ್ ಎಂಬ ವಿಮರ್ಶಕನು ಈ ಹೆಸರನ್ನೇ ಹಿಡಿದು ಆಕ್ಷೇಪಿಸಿದನು. ಇಂಥ ಛಾಯಾಗ್ರಹಣವು ಯಾವ ತಗಡಿನ ಡಬ್ಬಿಗೆ ಬೇಕಾದರೂ ವಿಶ್ವದ ಗಾಂಭೀರ್ಯವನ್ನು ಕಟ್ಟಬಲ್ಲುದು. ಆದರೆ ಆ ಡಬ್ಬಿಯು ಯಾವ ಮಾನವ ಸಂಬಂಧಗಳ ನಡುವೆ ಇದೆಯೆಂಬುದನ್ನು ಹೇಳಲಾರದು ಎಂಬುದು ಅವನ ಆಕ್ಷೇಪದ ಸಾರ.

ಈ ಆಕ್ಷೇಪವನ್ನು ನಾವು ಬಹುಮಟ್ಟಿಗೆ ಒಪ್ಪುತ್ತೇವೆ. ಆದರೆ ಹಿಡಿಯ ವಿಷಯದಲ್ಲಿ ಒಪ್ಪುವುದಿಲ್ಲ. ಹಿಡಿಯು ಮಾನವ ಸಂಬಂಧವನ್ನು ತನ್ನ ಮೈಮೇಲೆಯೇ ಬರೆದುಕೊಂಡಿರುವ ವಸ್ತು. ಬೀಸುವ ಕಲ್ಲಿನ ಗೂಟವನ್ನು ನೋಡಿರಿ. ಇಬ್ಬರು ಎದುರುಬದುರಾಗಿ ಕುಳಿತು ರಾಗಿ ಬೀಸುವಾಗ ಕೈಯ ಮೇಲೊಂದು ಕೈ ಬರುತ್ತಿತ್ತು. ಆ ಉಜ್ಜುವಿಕೆಯಿಂದ ಮರವು ನಡುವಿನಲ್ಲಿ ಸವೆದು ಗಾಜಿನಂತೆ ನುಣುಪಾಗಿರುತ್ತದೆ, ತುದಿಯು ಮಾತ್ರ ಬಡಗಿ ಕೆತ್ತಿದಂತೆಯೇ ಒರಟಾಗಿರುತ್ತದೆ. ಕುಡುಗೋಲಿನ ಹಿಡಿಯಲ್ಲಿ ಹೆಬ್ಬೆರಳು ಕೂರುವ ಕಡೆ ಒಂದು ತಗ್ಗು. ಅದು ಎಡಗೈಯವರದೋ ಬಲಗೈಯವರದೋ ಎಂದು ಕೂಡ ಕೆಲವೊಮ್ಮೆ ಹೇಳಬಹುದು. ಇದನ್ನು ದೂರದಿಂದ ತೆಗೆದ ಚಿತ್ರ ತೋರಿಸಲಾರದು, ಹತ್ತಿರದ್ದು ತೋರಿಸಬಲ್ಲುದು. ಅಮೆರಿಕದ ವಾಕರ್ ಎವನ್ಸ್ 1955ರಲ್ಲಿ 'ಫಾರ್ಚ್ಯೂನ್' ಪತ್ರಿಕೆಗಾಗಿ ಕರಣೆ, ಇಕ್ಕಳ ಮೊದಲಾದ ಸಾಮಾನ್ಯ ಹತ್ಯಾರುಗಳನ್ನು ಚಿತ್ರಿಸಿದಾಗ ಅವುಗಳಿಗೆ ಯಾವ ಬೆಡಗನ್ನೂ ಕಟ್ಟಲಿಲ್ಲ. ಬರಿಯ ಹಿನ್ನೆಲೆಯ ಮುಂದೆ ನೇರವಾಗಿ ನಿಲ್ಲಿಸಿ ತೆಗೆದನು. ನಮ್ಮ ಕಣ್ಣಿಗೆ ಆ ಮಾರ್ಗವೇ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ.

ಇನ್ನು ಕೆಲಸದ ಮಾತು. ಮಸೂರದಿಂದ ವಸ್ತುವು ಬಹುದೂರದಲ್ಲಿದ್ದಾಗ ಬಿಂಬವು ನಾಭಿದೂರದಷ್ಟು ಹಿಂದೆ ಮೂಡುತ್ತದೆ. ವಸ್ತುವು ಹತ್ತಿರಕ್ಕೆ ಬಂದಂತೆಲ್ಲ ಬಿಂಬವು ಹಿಂದಕ್ಕೆ ಸರಿಯುತ್ತದೆ. ನಾಭಿದೂರದ ಎರಡರಷ್ಟು ಅಂತರದಲ್ಲಿ ವಸ್ತುವು ನಿಂತಾಗ ಬಿಂಬವೂ ಅಷ್ಟೇ ಅಂತರದಲ್ಲಿ ಮೂಡಿ, ವಸ್ತುವಿನಷ್ಟೇ ಗಾತ್ರವುಳ್ಳದ್ದಾಗುತ್ತದೆ. 50 ಮಿಲಿಮೀಟರ್ ನಾಭಿದೂರದ ಮಸೂರವಾದರೆ ಮುಂದೆ 100, ಹಿಂದೆ 100 ಮಿಲಿಮೀಟರ್. ಹಳೆಯ ಕ್ಯಾಮರಾಗಳಲ್ಲಿ ಕಮ್ಮಾರನ ತಿದಿಯಂತೆ ಮಡಿಕೆಮಡಿಕೆಯಾದ ಚೀಲವಿದ್ದದ್ದು ಹೀಗೆ ಹಿಂದೆ ಸರಿಯುವುದಕ್ಕಾಗಿಯೇ. ಬಿಂಬವು ಎರಡರಷ್ಟು ದೂರ ಹೋದಾಗ ಅದೇ ಬೆಳಕು ನಾಲ್ಕರಷ್ಟು ಕ್ಷೇತ್ರದಲ್ಲಿ ಹರಡುವುದರಿಂದ, ಒಂದು ಸೆಕೆಂಡು ಸಾಕಾಗುವಲ್ಲಿ ನಾಲ್ಕು ಸೆಕೆಂಡು ಬೇಕು. ಮಸೂರದ ಮೂಲಕವೇ ಬೆಳಕನ್ನು ಅಳೆಯುವ ಈಚಿನ ಕ್ಯಾಮರಾಗಳು ಈ ಲೆಕ್ಕವನ್ನು ತಾವೇ ಮಾಡಿಕೊಳ್ಳುತ್ತವೆ. ಆದರೂ ಮುಕ್ಕಾಲಿಯ ಅವಶ್ಯಕತೆ ತಪ್ಪಲಿಲ್ಲ.

ಬೆಳಕಿಗಿಂತ ದೊಡ್ಡ ತೊಡಕು ಸ್ಪಷ್ಟತೆಯ ಆಳದ್ದು. 35 ಮಿಲಿಮೀಟರಿನ ಫಿಲ್ಮಿನಲ್ಲಿ ವಸ್ತುವನ್ನು ಅದರ ಹತ್ತನೆಯ ಒಂದು ಗಾತ್ರಕ್ಕೆ ಚಿತ್ರಿಸುವಾಗ, ದ್ವಾರವನ್ನು ಎಂಟರ ಗುರುತಿಗೆ ಇಟ್ಟರೆ, ಹಿಂದುಮುಂದು ಸೇರಿ ಸುಮಾರು 5 ಸೆಂಟಿಮೀಟರಿನಷ್ಟು ಆಳ ಸ್ಪಷ್ಟವಾಗಿ ಬರುತ್ತದೆ. ಕಾಲುಗಾತ್ರಕ್ಕೆ ಬಂದರೆ ಅದು 1 ಸೆಂಟಿಮೀಟರಿಗೆ ಇಳಿಯುತ್ತದೆ. ಪೂರ್ಣಗಾತ್ರದಲ್ಲಿ ಉಳಿಯುವುದು ಸುಮಾರು 1 ಮಿಲಿಮೀಟರ್, ಒಂದು ಅಕ್ಕಿಕಾಳಿನ ದಪ್ಪಕ್ಕಿಂತ ಕಡಮೆ! ದ್ವಾರವನ್ನು ಕಿರಿದುಮಾಡಿದರೆ ಆಳ ಹೆಚ್ಚುವುದು ನಿಜ. ಆದರೆ ಅತಿಯಾಗಿ ಕಿರಿದುಮಾಡಿದರೆ ಬೆಳಕಿನ ಅಲೆಗಳು ಅಂಚಿನಲ್ಲಿ ಬಾಗಿ ಹರಡಿ ಇಡೀ ಚಿತ್ರವನ್ನೇ ಮಸುಕುಗೊಳಿಸುತ್ತವೆ. ಒಂದೇ ವಸ್ತುವನ್ನು ನಾಭಿಯನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತ ಹತ್ತಾರು ಸಲ ಚಿತ್ರಿಸಿ, ಪ್ರತಿಯೊಂದರ ಸ್ಪಷ್ಟಭಾಗವನ್ನೂ ಗಣಕಯಂತ್ರದಲ್ಲಿ ಜೋಡಿಸುವ ಉಪಾಯ ಈಗ ಬಳಕೆಯಲ್ಲಿದೆ. ಅಷ್ಟು ತಾಳ್ಮೆಯಿಲ್ಲದವರಿಗೆ ಸುಲಭವಾದ ದಾರಿಯೆಂದರೆ, ಯಾವ ಭಾಗ ಮುಖ್ಯವೋ ಅದನ್ನು ಮೊದಲೇ ನಿಶ್ಚಯಿಸಿ ಕ್ಯಾಮರಾವನ್ನು ಆ ಭಾಗಕ್ಕೆ ಸಮಾನಾಂತರವಾಗಿ ನಿಲ್ಲಿಸುವುದು. ಹಿಡಿಯಲ್ಲಿ ಮುಖ್ಯವಾದದ್ದು ಸವೆದ ಜಾಗ. ಅದು ಸ್ಪಷ್ಟವಾಗಿದ್ದರೆ ಉಳಿದದ್ದು ಮಸುಕಾದರೂ ನಷ್ಟವಿಲ್ಲ.

ಮೊಬೈಲ್ ಫೋನಿನ ಪುಟ್ಟ ಕ್ಯಾಮರಾದಲ್ಲಿ ಬಿಂಬವು ಬಹು ಚಿಕ್ಕದಾದ್ದರಿಂದ ಈ ಆಳದ ತೊಡಕು ಅಷ್ಟಾಗಿ ಬಾಧಿಸುವುದಿಲ್ಲ. ಆದರೆ ಅದರಲ್ಲಿ ಬೇರೊಂದು ದೋಷವುಂಟು. ಹತ್ತು ಸೆಂಟಿಮೀಟರ್ ಉದ್ದದ ಹಿಡಿಯನ್ನು ಅದರ ತುದಿಯ ಕಡೆಯಿಂದ ಹತ್ತು ಸೆಂಟಿಮೀಟರ್ ಅಂತರದಲ್ಲಿ ನಿಂತು ಚಿತ್ರಿಸಿದರೆ, ಆಚೆಯ ಕೊನೆಯು ಈಚೆಯ ಕೊನೆಯ ಅರ್ಧದಷ್ಟೇ ಕಾಣುತ್ತದೆ. ಸೌಟು ಗದೆಯಾಗಿಬಿಡುತ್ತದೆ! ಕೆಲವು ಹೆಜ್ಜೆ ಹಿಂದೆ ಸರಿದು ದೀರ್ಘನಾಭಿಯ ಮಸೂರದಿಂದ ನೋಡಿದರೆ ಆಕಾರವು ತನ್ನ ನಿಜಪ್ರಮಾಣಕ್ಕೆ ಬರುತ್ತದೆ.

ಹಿತ್ತಾಳೆಯ ಚಿತ್ರ ತೆಗೆಯುವವರು ಒಂದು ಸಂಗತಿಯನ್ನು ಮನಸ್ಸಿನಲ್ಲಿಡಬೇಕು. ಬೆಳಗಿದ ಲೋಹವು ಕನ್ನಡಿ. ಕನ್ನಡಿಗೆ ಬೆಳಕು ಹಾಯಿಸುವುದರಿಂದ ಪ್ರಯೋಜನವಿಲ್ಲ, ಅದರಲ್ಲಿ ಏನು ಪ್ರತಿಬಿಂಬಿಸಬೇಕೋ ಅದಕ್ಕೆ ಬೆಳಕು ಹಾಯಿಸಬೇಕು. ಉಬ್ಬಿದ ಮೈಯಲ್ಲಿ ಕೋಣೆಯೆಲ್ಲವೂ, ಕ್ಯಾಮರಾವೂ, ಅದನ್ನು ಹಿಡಿದವರ ಮೂಗೂ ಕಾಣಿಸಿಕೊಳ್ಳುತ್ತವೆ. ಕಿಟಕಿಗೆ ಒಂದು ತೆಳುವಾದ ಬಿಳಿಯ ಪಂಚೆಯನ್ನು ಇಳಿಬಿಟ್ಟು, ಎದುರು ಬದಿಯಲ್ಲಿ ಬಿಳಿಯ ರಟ್ಟನ್ನು ನಿಲ್ಲಿಸಿದರೆ ಲೋಹದ ಮೈಮೇಲೆ ಹಾಲಿನಂಥ ಹೊಳಪು ಹರಡುತ್ತದೆ. ಅಂಚುಗಳು ಕರಗಿಹೋದವೆನಿಸಿದಲ್ಲಿ ಒಂದು ಪಟ್ಟಿ ಕಪ್ಪು ಕಾಗದವನ್ನು ಇಟ್ಟರೆ ಅಂಚಿಗೆ ರೇಖೆ ಬರುತ್ತದೆ. ಮರಕ್ಕಾದರೆ ಇದಕ್ಕೆ ವಿರುದ್ಧವಾದ ಕ್ರಮ. ಬೆಳಗಿನ ಅಥವಾ ಸಂಜೆಯ ಬೆಳಕು ಪಕ್ಕದಿಂದ ಮೈಯನ್ನು ಸವರಿಕೊಂಡು ಹೋಗುವಂತಿರಬೇಕು. ಆಗ ಒಂದೊಂದು ಗೀರಿಗೂ ಒಂದೊಂದು ನೆರಳು ಬೀಳುತ್ತದೆ.

ಮತ್ತೊಂದು ಮಾತು, ಇದನ್ನು ಗೃಹಿಣಿಯರು ಕ್ಷಮಿಸಬೇಕು. ಚಿತ್ರ ತೆಗೆಯುವರೆಂದು ತಿಳಿದೊಡನೆ ಹಳೆಯ ಪಾತ್ರೆಯನ್ನು ಹುಣಸೇಹಣ್ಣಿನಿಂದ ತಿಕ್ಕಿ ತರುವ ವಾಡಿಕೆಯುಂಟು. ಹುಣಸೆಯ ಹುಳಿಯು ಲೋಹದ ಮೇಲಿನ ಕಪ್ಪನ್ನೂ ಕಿಲುಬನ್ನೂ ಕರಗಿಸುತ್ತದೆ. ಪಾತ್ರೆ ಹೊಸದಾಗುತ್ತದೆ, ಸಾಕ್ಷ್ಯ ಅಳಿಯುತ್ತದೆ. ಬೆರಳು ತಗಲಿದ ಕಡೆ ಹೊಳಪು, ತಗಲದ ಸಂದಿನಲ್ಲಿ ಕಪ್ಪು: ಈ ಭೇದವೇ ಕೈಯ ಗುರುತು. ಮೊದಲು ಚಿತ್ರ ತೆಗೆದು ಆಮೇಲೆ ಎಷ್ಟು ಬೇಕಾದರೂ ಬೆಳಗಬಹುದು.

ಮೈಸೂರಿನ ಜಯಲಕ್ಷ್ಮೀವಿಲಾಸ ಭವನದಲ್ಲಿ ವಿಶ್ವವಿದ್ಯಾನಿಲಯದವರು 1968ರಲ್ಲಿ ಆರಂಭಿಸಿದ ಜಾನಪದ ವಸ್ತುಸಂಗ್ರಹಾಲಯಕ್ಕೆ ಇಂಥ ಎಷ್ಟೋ ಸಾಮಗ್ರಿಗಳು ಸೇರಿದವು. ಆದರೆ ಎಲ್ಲ ಮನೆಗಳ ವಸ್ತುಗಳೂ ಸಂಗ್ರಹಾಲಯವನ್ನು ಸೇರುವುದು ಸಾಧ್ಯವಿಲ್ಲ, ಸೇರಬೇಕಾದದ್ದೂ ಇಲ್ಲ. ಹೆಚ್ಚಿನವು ಹೋಗುವುದು ಪಾತ್ರೆಯಂಗಡಿಯ ತಕ್ಕಡಿಗೆ. ಸ್ಟೀಲಿನ ಪಾತ್ರೆ ಬಂದಂದಿನಿಂದ ಹಳೆಯ ತಾಮ್ರ ಹಿತ್ತಾಳೆಗಳನ್ನು ತೂಕಕ್ಕೆ ಕೊಟ್ಟು ಹೊಸದನ್ನು ತರುವುದು ಪಟ್ಟಣದ ಸಂಸಾರಗಳಲ್ಲಿ ರೂಢಿಯಾಯಿತು. ಇದನ್ನು ನಾವು ಹಳಿಯುವುದಿಲ್ಲ. ದಿನವೂ ಹತ್ತು ಸೇರಿನ ಕೊಪ್ಪರಿಗೆಯನ್ನು ತಿಕ್ಕಿದ ತೋಳಿನ ನೋವು ತಿಳಿದವರಾರೂ ಹಳಿಯಲಾರರು. ತಕ್ಕಡಿಯು ಲೋಹದ ತೂಕವನ್ನು ಹೇಳುತ್ತದೆ. ಆಮೇಲೆ ಅದು ಮೂಸೆಯಲ್ಲಿ ಕರಗುತ್ತದೆ.

ಆದಕಾರಣ ಕೊಡುವುದಕ್ಕೆ ಮುಂಚೆ ಒಂದೊಂದಕ್ಕೂ ಎರಡೆರಡು ಚಿತ್ರ ಸಾಕು. ಒಂದರಲ್ಲಿ ಪಕ್ಕಕ್ಕೆ ಅಳತೆಪಟ್ಟಿಯನ್ನು ಇಟ್ಟಿರಬೇಕು. ಹತ್ತಿರದ ಚಿತ್ರದಲ್ಲಿ ಗಾತ್ರದ ಅರಿವು ಮೊದಲು ಮಾಯವಾಗುವುದರಿಂದ, ಪಟ್ಟಿಯಿಲ್ಲದಿದ್ದರೆ ಉದ್ಧರಣೆಗೂ ಸೌಟಿಗೂ ವ್ಯತ್ಯಾಸ ತಿಳಿಯದು. ಇನ್ನೊಂದರಲ್ಲಿ, ಸಾಧ್ಯವಾದರೆ, ಅದನ್ನು ನಿತ್ಯವೂ ಬಳಸಿದವರ ಕೈಯೇ ಅದನ್ನು ಹಿಡಿದಿರಲಿ. ಹೀಗೆ ಹಿಡಿದುಕೊಳ್ಳಿರೆಂದು ಅವರಿಗೆ ನಾವು ಹೇಳಿಕೊಡಬಾರದು. ಬೆರಳುಗಳು ತಮ್ಮ ಜಾಗವನ್ನು ತಾವೇ ಕಂಡುಕೊಳ್ಳುತ್ತವೆ. ಚಿತ್ರದ ಹಿಂಬದಿಯಲ್ಲಿ ಬಳಸಿದವರ ಹೆಸರು, ಊರು, ವರ್ಷ, ಆ ವಸ್ತುವನ್ನು ಆ ಮನೆಯಲ್ಲಿ ಏನೆಂದು ಕರೆಯುತ್ತಿದ್ದರೋ ಆ ಮಾತು, ಇಷ್ಟನ್ನು ಬರೆದಿಡಬೇಕು. ನಿಘಂಟಿನಲ್ಲಿ ಇಲ್ಲದ ಮಾತಾದರೆ ಅದನ್ನು ಇನ್ನೂ ದಪ್ಪವಾದ ಅಕ್ಷರದಲ್ಲಿ ಬರೆಯಬೇಕು.