ತಾಲ್ಲೂಕು ಕಚೇರಿಯ ಗಣಕ ಜಾಲದಲ್ಲಿ ಬದಲಿ ರೂಟರ್ ವ್ಯವಸ್ಥೆ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಪಹಣಿ, ಜಾತಿ ಹಾಗೂ ಆದಾಯ ಪ್ರಮಾಣ ಪತ್ರಗಳಿಗಾಗಿ ತಾಲ್ಲೂಕು ಕೇಂದ್ರಕ್ಕೆ ಬರುವ ಅರ್ಜಿದಾರರು ಕೆಲವೊಮ್ಮೆ "ಸರ್ವರ್ ಇಲ್ಲ" ಎಂಬ ಉತ್ತರ ಪಡೆದು ಹಿಂದಿರುಗಬೇಕಾಗುತ್ತದೆ. ಸಾಸ್ವೇಹಳ್ಳಿಯಿಂದ ಅಥವಾ ಕುಂದೂರಿನಿಂದ ಹೊನ್ನಾಳಿಗೆ ಬರುವ ಕೃಷಿಕರಿಗೆ ಅಂತಹ ಉತ್ತರವೆಂದರೆ ಒಂದು ದಿನದ ಕೆಲಸ ಹಾಗೂ ಬಸ್ ವೆಚ್ಚದ ನಷ್ಟ. ಬೆಳೆ ಸಾಲದ ಅರ್ಜಿಗೆ ಅಂದೇ ಕೊನೆಯ ದಿನವಾಗಿದ್ದಲ್ಲಿ ನಷ್ಟವು ಇನ್ನೂ ಹೆಚ್ಚು. ಆದರೆ ಅನೇಕ ವೇಳೆ ಸರ್ವರ್ ಸುಸ್ಥಿತಿಯಲ್ಲಿದ್ದು, ಅಲ್ಲಿಗೆ ತಲುಪುವ ಮಾರ್ಗ ಮಾತ್ರ ಕಡಿದಿರುತ್ತದೆ. ಆ ಮಾರ್ಗವನ್ನು ಕಾಪಾಡುವ ಬದಲಿ ವ್ಯವಸ್ಥೆಯನ್ನು ಇಲ್ಲಿ ವಿವರಿಸಲಾಗಿದೆ.

2. ಹಿನ್ನೆಲೆ

ಭೂಮಿ ಯೋಜನೆಯಡಿ ರಾಜ್ಯದ ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಲಾಯಿತು. ಆರಂಭದಲ್ಲಿ ಈ ದಾಖಲೆಗಳು ಆಯಾ ತಾಲ್ಲೂಕು ಕಚೇರಿಯ ಸರ್ವರ್‌ನಲ್ಲಿಯೇ ಇದ್ದವು. ನಂತರ ಅವುಗಳನ್ನು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ವರ್ಗಾಯಿಸಲಾಯಿತು. ರಾಜ್ಯಗಳ ವಿಸ್ತೃತ ಜಾಲ ಯೋಜನೆಗೆ ಕೇಂದ್ರ ಸರ್ಕಾರವು 2005ರ ಮಾರ್ಚ್‌ನಲ್ಲಿ ಅನುಮೋದನೆ ನೀಡಿತು. ಕರ್ನಾಟಕದಲ್ಲಿ ಈ ಜಾಲಕ್ಕೆ ಕೆಸ್ವಾನ್ ಎಂದು ಹೆಸರು. ದಾಖಲೆಗಳು ಒಂದೆಡೆ ಸೇರಿದ್ದರಿಂದ ಭದ್ರತೆ ಹೆಚ್ಚಿತು. ಅದರೊಂದಿಗೆ ಕೌಂಟರಿನ ಸೇವೆಯು ದೂರದ ಸಂಪರ್ಕವನ್ನು ಅವಲಂಬಿಸುವಂತಾಯಿತು.

3. ಬದಲಿ ವ್ಯವಸ್ಥೆ ಕಾರ್ಯನಿರ್ವಹಿಸುವ ವಿಧಾನ

ಕಚೇರಿಯ ಗಣಕಯಂತ್ರಗಳು ಸ್ವಿಚ್ ಎಂಬ ಸಾಧನದ ಮೂಲಕ ಪರಸ್ಪರ ಸೇರಿರುತ್ತವೆ. ಹೊರಗಿನ ಜಾಲಕ್ಕೆ ದಾರಿ ತೋರಿಸುವ ಸಾಧನವೇ ರೂಟರ್. ಪ್ರತಿ ಗಣಕಯಂತ್ರಕ್ಕೂ ಒಂದೇ ರೂಟರಿನ ವಿಳಾಸ ನೀಡಿದ್ದಲ್ಲಿ, ಅದು ಕೆಟ್ಟ ಕ್ಷಣದಲ್ಲಿ ಎಲ್ಲ ಕೌಂಟರುಗಳೂ ನಿಲ್ಲುತ್ತವೆ.

ಇದನ್ನು ತಪ್ಪಿಸಲು ಎರಡು ರೂಟರ್‌ಗಳನ್ನು ಅಳವಡಿಸಿ, ಎರಡಕ್ಕೂ ಸಾಮಾನ್ಯವಾದ ಒಂದು ಕಾಲ್ಪನಿಕ ವಿಳಾಸವನ್ನು ನೀಡಲಾಗುತ್ತದೆ. 1998ರಲ್ಲಿ ಮೊದಲು ಪ್ರಕಟವಾದ ವಿ.ಆರ್.ಆರ್.ಪಿ. ಎಂಬ ನಿಯಮಾವಳಿಯು ಇದಕ್ಕೆ ಆಧಾರ. ಗಣಕಯಂತ್ರಗಳು ಆ ಕಾಲ್ಪನಿಕ ವಿಳಾಸವನ್ನು ಮಾತ್ರ ಬಲ್ಲವು. ಮುಖ್ಯ ರೂಟರ್ ಸಾಮಾನ್ಯವಾಗಿ ಸೆಕೆಂಡಿಗೆ ಒಂದು ಬಾರಿ ತಾನು ಕಾರ್ಯನಿರತವಾಗಿರುವುದನ್ನು ಪ್ರಕಟಿಸುತ್ತಿರುತ್ತದೆ. ಈ ಸೂಚನೆ ನಿಂತಲ್ಲಿ ಸುಮಾರು 3ರಿಂದ 4 ಸೆಕೆಂಡುಗಳೊಳಗೆ ಬದಲಿ ರೂಟರ್ ಅದೇ ವಿಳಾಸವನ್ನು ವಹಿಸಿಕೊಳ್ಳುತ್ತದೆ. ಕೌಂಟರಿನ ಯಂತ್ರಗಳಲ್ಲಿ ಯಾವ ಬದಲಾವಣೆಯೂ ಬೇಕಾಗುವುದಿಲ್ಲ.

4. ಸಂಯೋಜನೆಯಲ್ಲಿ ಗಮನಿಸತಕ್ಕ ಅಂಶಗಳು

(ಅ) ಆದ್ಯತೆ: ಯಾವ ರೂಟರ್ ಮುಖ್ಯವೆಂಬುದನ್ನು ಆದ್ಯತಾ ಸಂಖ್ಯೆಯಿಂದ ನಿರ್ಧರಿಸಲಾಗುತ್ತದೆ. ಉದಾಹರಣೆಗೆ, ಮುಖ್ಯ ರೂಟರಿಗೆ 120, ಬದಲಿಗೆ 100.

(ಆ) ಮಾರ್ಗದ ನಿಗಾ: ರೂಟರ್ ಸುಸ್ಥಿತಿಯಲ್ಲಿದ್ದು ಹೊರಗಿನ ಕೇಬಲ್ ಮಾತ್ರ ಕಡಿದಾಗ, ನಿಗಾ ಇಲ್ಲದಿದ್ದಲ್ಲಿ ಮುಖ್ಯ ರೂಟರ್ ತನ್ನ ಸ್ಥಾನವನ್ನು ಬಿಟ್ಟುಕೊಡುವುದಿಲ್ಲ. ಆದ್ದರಿಂದ ಮಾರ್ಗ ಕಡಿದೊಡನೆ ಅದರ ಆದ್ಯತೆ 30ರಷ್ಟು ಇಳಿದು 90 ಆಗುವಂತೆ ನಿಗದಿಪಡಿಸಬೇಕು. ಆಗ 100 ಆದ್ಯತೆಯ ಬದಲಿ ರೂಟರ್ ಕಾರ್ಯವಹಿಸಿಕೊಳ್ಳುತ್ತದೆ.

(ಇ) ಸ್ವಿಚ್‌ಗಳು: ಒಂದೇ ಸ್ವಿಚ್‌ಗೆ ಎರಡೂ ರೂಟರ್‌ಗಳನ್ನು ಜೋಡಿಸಿದಲ್ಲಿ ಆ ಸ್ವಿಚ್ ಕೆಟ್ಟಾಗ ಎರಡೂ ನಿರುಪಯುಕ್ತ. ಎರಡು ಸ್ವಿಚ್‌ಗಳಿದ್ದು ಹಳೆಯ ಸ್ಪ್ಯಾನಿಂಗ್ ಟ್ರೀ ಪದ್ಧತಿ ಬಳಸಿದಲ್ಲಿ ಮಾರ್ಗ ಬದಲಾವಣೆಗೆ 30ರಿಂದ 50 ಸೆಕೆಂಡು ಬೇಕಾಗಬಹುದು. 2001ರ ಪರಿಷ್ಕೃತ ಪದ್ಧತಿಯಲ್ಲಿ ಈ ಅವಧಿ ಬಹಳ ಕಡಿಮೆ.

(ಈ) ಪ್ರತ್ಯೇಕ ಮಾರ್ಗ: ಇದು ಅತಿ ಮುಖ್ಯ. ಎರಡೂ ಕೇಬಲ್‌ಗಳು ಒಂದೇ ರಸ್ತೆ ಬದಿಯ ಗುಂಡಿಯಲ್ಲಿ ಅಥವಾ ನದಿಯ ಒಂದೇ ಸೇತುವೆಯ ಮೇಲೆ ಹಾದುಹೋದಲ್ಲಿ, ಒಂದು ಅಗೆತ ಅಥವಾ ಒಂದು ಪ್ರವಾಹ ಎರಡನ್ನೂ ಕಡಿಯುತ್ತದೆ. ತುಂಗಭದ್ರಾ ತೀರದ ಹೊನ್ನಾಳಿಯಂತಹ ಊರಿನಲ್ಲಿ ಒಂದು ಸಂಪರ್ಕ ದಾವಣಗೆರೆಯ ಕಡೆಯಿಂದಲೂ ಇನ್ನೊಂದು ಶಿವಮೊಗ್ಗದ ಕಡೆಯಿಂದಲೂ ಬರುವುದು, ಅಥವಾ ಒಂದು ನಿಸ್ತಂತು ಸಂಪರ್ಕವಾಗಿರುವುದು ಲೇಸು. ಎರಡೂ ರೂಟರ್‌ಗಳು ಒಂದೇ ಯು.ಪಿ.ಎಸ್. ಅವಲಂಬಿಸದಿರುವುದೂ ಅಗತ್ಯ.

(ಉ) ಪರೀಕ್ಷೆ: ಕೆಲಸದ ವೇಳೆ ಮುಗಿದ ನಂತರ ಮುಖ್ಯ ಕೇಬಲ್ ತೆಗೆದು, ಪಹಣಿಯ ಪರದೆ ತೆರೆಯುವುದೇ ಎಂದು ನಿಯತವಾಗಿ ಪರಿಶೀಲಿಸತಕ್ಕದ್ದು. ಪರೀಕ್ಷಿಸದ ಬದಲಿ ವ್ಯವಸ್ಥೆಯು ಇದ್ದೂ ಇಲ್ಲದಂತೆ.

5. ಅರ್ಜಿದಾರರ ಗಮನಕ್ಕೆ

ಬದಲಿ ರೂಟರ್ ಮಾರ್ಗದ ತೊಂದರೆಯನ್ನು ಮಾತ್ರ ನಿವಾರಿಸುತ್ತದೆ. ದತ್ತಾಂಶ ಕೇಂದ್ರದ ಸರ್ವರ್ ಅಥವಾ ತಂತ್ರಾಂಶದ ದೋಷವನ್ನು ಸರಿಪಡಿಸಲಾರದು. ಸಂಪರ್ಕ ಕಡಿತವಾದಾಗ ಅರ್ಜಿದಾರರು ಈ ಕೆಳಗಿನಂತೆ ಕ್ರಮವಹಿಸಲು ಕೋರಲಾಗಿದೆ:

• ಶುಲ್ಕ ಪಾವತಿಯ ನಡುವೆ ಸಂಪರ್ಕ ಕಡಿದಲ್ಲಿ ಕೂಡಲೇ ಎರಡನೆಯ ಬಾರಿ ಪಾವತಿಸಬಾರದು. ಮೊದಲ ಪಾವತಿ ದಾಖಲಾಗಿದೆಯೇ ಎಂದು ಕೌಂಟರಿನಲ್ಲಿ ಖಚಿತಪಡಿಸಿಕೊಳ್ಳಬೇಕು.

• ಅರ್ಜಿ ದಾಖಲಾಗಿದ್ದಲ್ಲಿ ಸ್ವೀಕೃತಿ ಪತ್ರ ಪಡೆಯಬೇಕು. ಸಕಾಲ ಸೇವೆಗಳ ಸ್ವೀಕೃತಿಯಲ್ಲಿ 15 ಅಂಕಿಗಳ ಜಿ.ಎಸ್.ಸಿ. ಸಂಖ್ಯೆ ಇರುತ್ತದೆ.

• ಈ ಸಂಖ್ಯೆ ದೊರೆತ ಅರ್ಜಿಯು ದತ್ತಾಂಶ ಕೇಂದ್ರದಲ್ಲಿ ದಾಖಲಾಗಿರುತ್ತದೆ. ನಂತರ ಕಚೇರಿಯ ಸಂಪರ್ಕ ಕಡಿದರೂ ಅರ್ಜಿ ಕಳೆದುಹೋಗುವುದಿಲ್ಲ. ಹೊಸ ಅರ್ಜಿ ಸಲ್ಲಿಸುವ ಅಗತ್ಯವಿಲ್ಲ.